ಒಂದು ಎಳಿ ಹಿಂದಕ್ಕ

ಕೊಯಮತ್ತೂರಿನ ಟ್ರ್ಯಾಕಿನಿಂದ ಲಾರಿ ಮ್ಯಾಲೆ ಬಂತು
ಬದ್ದಿಯವರ ಗಿರಿಧರನ ಕೆಂಪು ಗಾಡಿ.
ಗೋಕುಲ ರೋಡಿನ ನನ್ನ ಶೆಡ್ಡಿನ ಮುಂದ ಇಳಿಸಿದಾಗ
ಬಾಗಿಲ ಮ್ಯಾಲೆ ಇನ್ನೂ ನಂಬರ್ ಹದಿನೇಳು.
'ಪೆಡಲು ತಳಕ್ಕ ಹೋಗ್ತದಣ್ಣಾ,
ಮುಂದಿನ ಎಡಗಾಲಿ ಹಿಡಕೊಂಡಿದ್ದು ಬಿಡವಲ್ದು.'

ನಾ ಟ್ರ್ಯಾಕು ನೋಡಿದಾಂವಲ್ಲ.
ಗಾಲಿ ಬಿಚ್ಚಿದರ ಅದಽ ಹೇಳ್ತದ.
ಡಿಸ್ಕಿನ ಮ್ಯಾಲೆ ನೀಲಿ ಕಲಿ:
ತಡಾ ಮಾಡಿ ತುಳದಾನ, ಜೋರ ತುಳದಾನ.
ಪ್ಯಾಡು ಕನ್ನಡಿಹಂಗ ಹೊಳೀತದ.
ಧೂಳ ತಡಿಯೋ ರಬ್ಬರು ಸುಟ್ಟ ಹಪ್ಪಳ.
ನಿಪ್ಪಲ್ ಸಡ್ಲ ಮಾಡಿದರ
ಹಳೇ ಬಸ್ ಸ್ಟ್ಯಾಂಡಿನ ಚಾದಂಥ ಎಣ್ಣಿ,
ಕುದ್ದು ಕುದ್ದು ದಣದದ್ದು.

ಕ್ಯಾಲಿಪರಿನ ಬಾಯಿಗೆ ಜಾಲಿ ಕಟ್ಟಿಗಿ ಚೂರು ಕೊಟ್ಟು
ಹಿಂದಿನಿಂದ ಗಾಳಿ, ಸಾವಕಾಶ.
'ಬಟ್ಟು ಒಳಗ ಇಡಬ್ಯಾಡೋ ಚಮನ್.'
ಇದು ದಾವಲಸಾಬ ಉಸ್ತಾದರ ಮಾತು.
ಅವರ ನಡುಬಟ್ಟು ಅರ್ಧಾ ಇತ್ತು,
ಅದನ್ನ ಎತ್ತಿ ತೋರಿಸೇ ಹೇಳತಿದ್ದರು.

ಠಪ್ ಅಂತ ಪಿಸ್ಟನ್ ಹೊರಗ ಬಂತು.
ಬಿದಿರ ಕಡ್ಡಿಲೆ ಸೀಲು ತಗದೆ:
ಕೂಸಿನ ಬಳಿಯಷ್ಟು, ಚೌಕ ಅಂಚಿನ ರಬ್ಬರು.
ಮುಂದ ದೂಡೋದು ಎಣ್ಣಿ.
ಕಾಲು ಎತ್ತಿದಾಗ ಹಿಂದ ಕರಕೊಳ್ಳೋದು ಇದು.
ಎಷ್ಟು ಹಿಂದ? ಒಂದು ಕೂದಲೆಳಿ.
ಅಷ್ಟು ಬಂದರ ಗಾಲಿ ತಾನಽ ತಿರಗತದ.
ಈ ರಬ್ಬರು ಬೆಂಕಿ ತಿಂದು ಅದನ್ನ ಮರತದ.

'ಹಳೇದಽ ತಿಕ್ಕಿ ಹಾಕಲಾ,
ಬರೋ ಐತ್ವಾರ ಮತ್ತ ಹೋಗೋದೈತಿ.'
ನಾ ಮಾತಾಡಲಿಲ್ಲ.
ಹೊಸಾ ಸೀಲಿಗೆ ಹೊಸಾ ಎಣ್ಣಿ ಸವರಿ
ಗೀರಿನೊಳಗ ಬಟ್ಟಿಲೆ ಕೂಡ್ರಿಸಿದೆ,
ಎಲ್ಲೂ ತಿರಚಿಲ್ಲಂತ ಎರಡ ಸಲ ಸುತ್ತ ಸವರಿ.

ಸಂಜಿಗೆ ಚಮನ್ ನಮಾಜಿಗೆ ಹ್ವಾದ.
'ನೀನಽ ಕೂಡು ಒಳಗ' ಅಂದೆ.
ಒತ್ತು.
ಹಿಡಿ.
ಬಿಡು.
ಸಣ್ಣ ಪೈಪಿನಾಗ ಗುಳ್ಳಿ ಸಾಲುಗಟ್ಟಿ ಬಂದು
ಬಾಟ್ಲಿಗೆ ಬೀಳತಿದ್ದವು.
ಒತ್ತು. ಹಿಡಿ. ಹಿಡಿ ಅಂದೆನಲ್ಲೋ.
ನಾ ತೆಳಗ, ಪಾನಾ ಕೈಯಾಗ,
ನಾ ಹೇಳೂತನಕ ಅವ ಬಿಡಂಗಿಲ್ಲ.
ತಾಸಿಗೆ ನೂರೈವತ್ತು ಓಡಿಸೋ ಕಾಲು
ಎರಡಿಂಚು ಪೆಡಲಿನ ಮ್ಯಾಲೆ ನಡಗಾಕತ್ತಿತ್ತು.

ಗುಳ್ಳಿ ನಿಂತವು.
'ಬಿಡಲೇನಣ್ಣಾ?'
'ಬಿಡು.'
ಗಾಲಿ ಕೈಲೆ ತಿರುವಿದೆ,
ಕೈ ತೊಳಕೊಂಡು ಬಂದರೂ ತಿರಗಾಕತ್ತಿತ್ತು.

ಬೆಂಚಿನ ಮ್ಯಾಲೆ ಹಳೇ ಸೀಲು.
ಗಿರಿಧರ ಅದನ್ನ ಎರಡೂ ಕೈಲೆ ಹಿಗ್ಗಿಸಿ ನೋಡಿದ.
ಹಿಗ್ಗಿದಷ್ಟಽ ಉಳೀತು.