ಎರಡು ರಿಯಾಲು

ಒಂಬತ್ತಕ್ಕೆ ಹಲಗೆ ಒರೆಸುವುದು ನನ್ನ ಕೆಲಸ.
ಒದ್ದೆ ಗೋಣಿಚೂರು, ಮೊಂಡು ಸೀಮೆಸುಣ್ಣ,
ಎದುರಿಗೆ ಸಿದ್ದಾಪುರದ ರಸ್ತೆ, ವಿರಾಜಪೇಟೆ ಬಸ್ಸಿನ ಹೊಗೆ.
ರೋಬಸ್ಟಾ ಚೆರಿ, ಐವತ್ತು ಕಿಲೋ ಮೂಟೆಗೆ ಇಷ್ಟು.
ನಿನ್ನೆಯ ಅಂಕಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ,
ಅದರ ಬಿಳಿಚು ನೆರಳಿನ ಮೇಲೇ ಇವತ್ತಿನದು.

ಒಳಗಿನಿಂದ ಸೂಫಿ ಹಾಜಿಯವರ ದನಿ:
“ನೂರ ನಲವತ್ತು ಇಳಿಸು.”
ಯಾಕೆ, ಅಂದೆ.
“ರಿಯಾಲು ಬಿತ್ತು.”

ನಾನು ಅವರ ಅಳಿಯನನ್ನು ನೆನೆದೆ,
ದಮ್ಮಾಮಿನಿಂದ ತಿಂಗಳ ಐದಕ್ಕೆ ಬರುವ ರಿಯಾಲು,
ಅದರಿಂದ ಎದ್ದ ಮಹಡಿ, ಅದರ ಹಸಿರು ಗೇಟು.
ಅಯ್ಯೋ, ಅಂದೆ.
ಹಾಜಿಯವರು ನಕ್ಕರು: “ಅದಲ್ಲ.
ಅದು ಡಾಲರಿನ ಗೂಟಕ್ಕೆ ಕಟ್ಟಿದ ಹಸು,
ಡಾಲರು ಹೋದಲ್ಲಿ ಹೋಗುತ್ತೆ, ನಿಂತಲ್ಲಿ ಮೇಯುತ್ತೆ.
ಇದು ಬ್ರೆಜಿಲಿನದು. ಹಗ್ಗ ಇಲ್ಲ.”

ಆಮೇಲೆ ತೂಕದ ಕಲ್ಲುಗಳನ್ನು ಮೇಜಿನ ಮೇಲಿಟ್ಟು ವಿವರಿಸಿದರು.
ಅಲ್ಲೊಬ್ಬ ಬೆಳೆಗಾರ. ಅವನ ಮೂಟೆಗೆ
ಡಾಲರು ಮೊನ್ನೆಯಷ್ಟೇ, ಒಂದು ಕಾಸು ಹೆಚ್ಚಿಲ್ಲ.
ಆದರೆ ಅವನ ಊರಿನ ದುಡ್ಡು ತೆಳ್ಳಗಾಗಿದೆ;
ಬದಲಾಯಿಸಿದರೆ ಅಂಗೈ ತುಂಬಿ ಸೋರುತ್ತೆ.
ಈಗಲೇ ಸಮಯ, ಅಂದುಕೊಂಡ. ಗೋದಾಮಿನ ಬಾಗಿಲು ತೆಗೆದ.
ಪಕ್ಕದವನೂ ತೆಗೆದ. ಹಡಗು ತುಂಬಿತು.
ಲಂಡನ್ನಿನಲ್ಲಿ ಯಾರೋ ಒಬ್ಬ
ಇಷ್ಟೆಲ್ಲ ಬರುತ್ತಿದೆಯಾ, ಅಂತ ಪೆನ್ನು ಕೆಳಗಿಟ್ಟ.
“ಅಲ್ಲಿ ಬಿದ್ದದ್ದು ಮೂಟೆಗೆ ನೂರ ಎಂಬತ್ತು.
ನಮ್ಮ ರೂಪಾಯಿಯೂ ಚೂರು ಜಾರಿದ್ದಕ್ಕೆ ನಲವತ್ತು ವಾಪಸ್ಸು.
ಬರಿ.”

ಬರೆದೆ.

ಹತ್ತೂವರೆಗೆ ದೇಚಮ್ಮನವರ ಜೀಪು.
ಮೂರು ತಲೆಮಾರು ಮಿಲಿಟರಿ, ಗೋಡೆ ತುಂಬ ಪದಕ,
ಆಗಸ್ಟ್ ಹದಿನೈದಕ್ಕೆ ಅಂಗಳದಲ್ಲೇ ಬಾವುಟ.
ಇಳಿಯುವ ಮೊದಲೇ ಕೇಳಿದರು, ದನಿ ತಗ್ಗಿಸಿ,
ಯಾರದೋ ಮನೆಯ ಸುದ್ದಿ ಕೇಳುವ ಹಾಗೆ:
“ನಮ್ಮ ರೂಪಾಯಿ ಇನ್ನೂ ಬೀಳಬಹುದಾ?”
ಬೀಳಬಹುದು ಅಂದೆ. ಮುಖ ಅರಳಿತು;
ಅರಳಿದ್ದು ತಮಗೇ ಗೊತ್ತಾಗಿ ಸೆರಗು ಸರಿಮಾಡಿಕೊಂಡರು.
ಅವರ ಇನ್ನೂರು ಮೂಟೆ ಕುಶಾಲನಗರದ ಕ್ಯೂರಿಂಗಿನಲ್ಲಿ
ಕಾಯುತ್ತ ಕೂತಿದೆ.
ಮತ್ತೆ ಎದುರಿನ ಗೊಬ್ಬರದಂಗಡಿಗೆ ಹೋಗಿ,
ಪೊಟ್ಯಾಷಿನ ಹೊಸ ರೇಟು ಕೇಳಿ ಬಂದು,
“ಅದೂ ಹಡಗಿನಲ್ಲೇ ಬರೋದಂತಲ್ಲ, ಮಾರಾಯ್ತಿ,”
ಅಂದವರೇ ಜೀಪು ಹತ್ತಿದರು.

ಬೊಳ್ಳಿ ಬಂದದ್ದು ಮಧ್ಯಾಹ್ನ.
ಕೊಯ್ಲು ಮುಗಿದ ತೋಟದಲ್ಲಿ, ದಣಿಗಳು ಬಿಟ್ಟುಕೊಟ್ಟ ಸಾಲುಗಳಲ್ಲಿ,
ಎಲೆ ಕೆದಕಿ ಕೆದಕಿ ಹೆಕ್ಕಿದ್ದು, ಲೈನುಮನೆ ಮುಂದೆ ಒಣಗಿಸಿದ್ದು,
ಹಳೇ ಸೀರೆಯ ಗಂಟು.
ಹನ್ನೊಂದು ಕಿಲೋ ನಾನೂರು.
ಹಲಗೆ ನೋಡಿದಳು. ಓದಲು ಬಾರದು, ಅಂಕಿ ಬರುತ್ತೆ.
“ನಿನ್ನೆ ಬೇರೆ ಇತ್ತಂತೆ?”
ಇತ್ತು.
“ನಿನ್ನೆಯೇ ಹೊರಟಿದ್ದೆ ಅಕ್ಕ. ತೋಡಿನ ಹತ್ತಿರ ಆನೆ,
ಮರಿ ಬೇರೆ. ಕತ್ತಲಾಗುವವರೆಗೆ ಹಂದಲಿಲ್ಲ.”

ಲೆಕ್ಕ ಹಾಕಿದೆ. ಆನೆ ನುಂಗಿದ್ದು ಮೂವತ್ತೆರಡು ರೂಪಾಯಿ.
ಆನೆ ಅಲ್ಲ, ರಿಯಾಲು; ಅಂತ ಹೇಳಲು ಹೋಗಿ
ಹಾಜಿಯವರ ಕಲ್ಲುಗಳನ್ನೇ ಇಟ್ಟು ಹೇಳಿದೆ,
ಹಡಗು, ಗೋದಾಮು, ದೂರದ ಆ ಬೆಳೆಗಾರ.
ಪೂರ್ತಿ ಕೇಳಿದಳು.
“ಅವನ ಮನೇಲಿ ಯಾರಿಗಾದರೂ ಹುಷಾರಿಲ್ಲವಾ?”
ಗೊತ್ತಿಲ್ಲ.
“ಮತ್ತೆ ಯಾಕಂತೆ ಅಷ್ಟು ಅವಸರ?”

ದುಡ್ಡು ಎಣಿಸಿ ಕೊಟ್ಟೆ. ಬೆರಳಿಗೆ ಉಗುಳು ಹಚ್ಚಿ ಅವಳೂ ಎಣಿಸಿದಳು.
ಕೊನೆಯ ಹತ್ತರ ನೋಟನ್ನು ಮಾತ್ರ ಬೆಳಕಿಗೆ ಹಿಡಿದು:
“ಇದು ಇವತ್ತು ಎಷ್ಟು?”
ಹತ್ತು, ಅಂದೆ.
ನೋಟು ನೋಡಿದಳು, ಹಲಗೆ ನೋಡಿದಳು,
ಹಲಗೆಯೊಳಗಿನ ನಿನ್ನೆಯ ಬಿಳಿಚನ್ನೂ ನೋಡಿದಳು.
“ಹಾಗಾದರೆ ಅದನ್ನೂ ಅಲ್ಲಿ ಬರೆದಿಡು ಅಕ್ಕ.
ನಾಳೆ ಬಂದು ನೋಡ್ತೀನಿ.”

ಒಣಮೀನಿನ ಅಂಗಡಿ ಕಡೆ ನಡೆದಳು.
ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು.