ಐದು ಮೀಟರ್ ತಂತಿ

ಸೊಲ್ಲಾಪುರದ ನವಿ ಪೇಠೆ, ಯೆಮುಲ್‌ನ ಅಂಗಡಿ.
ಗಾಜಿನ ಮೇಲೆ ಮೂರು ಮೈಕು ಮಲಗಿದ್ದವು.
ನನ್ನ ಪರ್ಸಿನಲ್ಲಿ ಅರಿಶಿನ ಮೆತ್ತಿದ ಮೂರು ಸಾವಿರ,
ಕುಂಭಾರಿಯ ಮದುವೆ ವಿಡಿಯೋದ ಮುಂಗಡ.

ಮೊದಲನೆಯದು ಉದ್ದ, ತುಪ್ಪಳದ ಕುಲಾಯಿ ತೊಟ್ಟದ್ದು,
ಕ್ಯಾಮೆರಾದ ನೆತ್ತಿಯ ಮೇಲೆ ಕೂರುವಂಥದು.
"ಯಾರ ಕಡಿಗಿ ಮಾರಿ ಮಾಡ್ತದ, ಅವರದಷ್ಟ ಕೇಳ್ತದ.
ಬಾಜೂದವರದು ಇದಕ್ಕ ಬೇಕಾಗಿಲ್ಲ."
ನಮ್ಮ ದೊಡ್ಡ ಕಾಕಾನಂಥ ಮೈಕು. ಬೇಡ ಅಂದೆ.

ಎರಡನೆಯದಕ್ಕೆ ತಂತಿಯೇ ಇಲ್ಲ.
ಬೆಂಕಿಪೊಟ್ಟಣದಂಥ ಎರಡು ತುಂಡು, ಅವರಿಗೊಂದು ನನಗೊಂದು,
ನಡುವೆ ನೂರು ಹೆಜ್ಜೆ ಇದ್ದರೂ ನಡೆಯುತ್ತದಂತೆ.
ಹೆಡ್‌ಫೋನ್ ಹಾಕಿ ಕೇಳಿದೆ:
ಪಂಖಾ, ಚೌಕದ ರಿಕ್ಷಾ, ಯೆಮುಲ್‌ನ ಹಸಿದ ಹೊಟ್ಟೆ.
ಬ್ಯಾಟರಿ ಐದು ತಾಸು. ಮಾತಿನ ನಡುವೆ ಸತ್ತರೆ?
"ಸತ್ತರ ಕೆಂಪ ದೀಪ ಹತ್ತತದ."
ಹತ್ತಲಿ, ಮಾತಾಡುವವರು ನಿಲ್ಲುವುದಿಲ್ಲವಲ್ಲ.

ಮೂರನೆಯದಕ್ಕೆ ಕಡಲೆಕಾಳಿನಷ್ಟು ತಲೆ, ಐದು ಮೀಟರ್ ಬಾಲ,
ಒಂಬೈನೂರು ರೂಪಾಯಿ.
ಸೆರಗು ತಾಗಿದರೆ ಕರಕರ ಅನ್ನುತ್ತದೆ, ಅಷ್ಟೇ.
ತಂತಿ ಇದ್ದರೆ ಎಲ್ಲಿ ಕಡಿಯಿತು ಅಂತ ಬೆರಳಿಗಾದರೂ ಗೊತ್ತಾಗುತ್ತದೆ.
"ಎಂಟ ದಿನದಾಗ ವಾಪಸ್ ತಗೋತೀನ್ರಿ. ಡಬ್ಬಿ ಹರೀಬ್ಯಾಡ್ರಿ."

*

ಅಶೋಕ ಚೌಕದ ಹಿಂದಿನ ಓಣಿ.
ಮಗ್ಗಗಳಿಗೆ ವಾರದ ರಜೆ,
ಅದಕ್ಕೇ ಆ ದಿನ ಆರಿಸಿದ್ದೆ.
ಕಾಶವ್ವ ಬಿರಾಜದಾರ, ಎಪ್ಪತ್ತೆಂಟು,
ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಕಂಡಿಕೆ ಸುತ್ತಿದವಳು.
ಸೆರಗಿಗೆ ಕಡಲೆಕಾಳು ಸಿಕ್ಕಿಸಿದೆ.
"ಕಚ್ಚೂದಿಲ್ಲಲ್ಲ ಇದು?" ಅಂತ ಕೂಗಿದಳು.
ಕೂಗಿದ್ದಲ್ಲ, ಅವಳು ಮಾತಾಡುವುದೇ ಹಾಗೆ,
ನನ್ನ ಬಾಯಿಯನ್ನೇ ನೋಡುತ್ತ.
ಮೀಟರಿನ ಪಟ್ಟಿ ಕೆಂಪಿಗೆ ಹೋಗಿ ಬಡಿಯಿತು.
ಇಳಿಸಿದೆ. ಇನ್ನೂ ಇಳಿಸಿದೆ.
ಪಗಾರ, ಪಾಳಿ, ಬಾಣಂತನದಲ್ಲಿ ಮುರಿದುಕೊಂಡ ನಾಲ್ಕು ದಿನದ ಕೂಲಿ,
ಎಲ್ಲ ಇಡೀ ಓಣಿಗೆ ಕೇಳುವಂತೆ.

ಶೆಡ್ಡಿನೊಳಗೆ ಏನು ಮಾತಾಡ್ತಿದ್ರಿ, ಅಂದೆ.

ಪಟ್ಟಿ ಬಿದ್ದುಹೋಯಿತು.
ಹಸಿರಿನ ಒಂದೇ ಚುಕ್ಕೆ.
ತಂತಿಯುದ್ದಕ್ಕೂ ಬೆರಳಾಡಿಸಿದೆ,
ಪಿನ್ ಕಿತ್ತು ಮತ್ತೆ ಚುಚ್ಚಿದೆ,
ಯೆಮುಲ್‌ಗೆ ಮನಸ್ಸಿನಲ್ಲೇ ಬೈದೆ,
ತಲೆ ಎತ್ತಿದರೆ
ಅವಳ ತುಟಿ ಆಡುತ್ತಲೇ ಇದೆ,
ಹುಬ್ಬು ಏರುತ್ತಿದೆ, ನಗುತ್ತಿದ್ದಾಳೆ,
ಯಾರಿಗೋ ತಲೆ ಅಲ್ಲಾಡಿಸುತ್ತಿದ್ದಾಳೆ.
ದನಿ ಇಲ್ಲ.

"ಹಿಂಗ ಮಾತಾಡತಿದ್ವಿ!" ಪಟ್ಟಿ ಮತ್ತೆ ಕೆಂಪು.
"ಆ ಸಪ್ಪಳದಾಗ ಕಿವಿ ತಗೊಂಡು ಏನ್ ಮಾಡೂದು?
ಎದರಿಗೆ ನರಸೂಬಾಯಿ, ತೆಲುಗರಾಕಿ.
ಅಕಿ ತುಟಿ ನಾ ಓದತಿದ್ದೆ, ನನ್ನದು ಅಕಿ.
ಅರ್ಧಾ ಮರಾಠಿ, ಅರ್ಧಾ ಏನೇನೋ.
ಮುಕಾದಮಗ ಬೈದದ್ದೂ ಹಿಂಗ, ಅವನ ಬೆನ್ನ ಹಿಂದ.
ಇಪ್ಪತ್ತೆರಡ ವರ್ಷ ಅಕಿ ದನಿ ಕೇಳಿಲ್ಲ, ತಂಗಿ.
ಗಿರಣಿಗೆ ಕೀಲಿ ಬಿದ್ದ ಮ್ಯಾಲ
ಬಾಜಾರದಾಗ ಯಾರೋ 'ಕಾಶೀ' ಅಂದ್ರು.
ತೆಳ್ಳನ್ನ ದನಿ, ಸಾಲಿ ಹುಡುಗನಂಥದು.
ನಾ ಹೊಳ್ಳಿ ನೋಡಲಿಲ್ಲ.
ಅಕಿ ಮುಂದ ಬಂದ ನಿಂತು
ದನಿ ತಗದು ತುಟಿ ಅಷ್ಟ ಆಡಿಸಿದ್ಲು.
ಆವಾಗ ಗುರ್ತ ಹತ್ತಿತು."

*

ನಾಳೆಗೆ ಎಂಟು ದಿನ.
ಡಬ್ಬಿ ಕಾಶವ್ವನ ಮನೆಯಲ್ಲೇ ಉಳಿದಿದೆ,
ಮೊಮ್ಮಗಳು ಅದರಲ್ಲಿ ಟಿಕಲಿ ತುಂಬಿಟ್ಟುಕೊಂಡಿದ್ದಾಳೆ.
ಕಂಪ್ಯೂಟರಿನಲ್ಲಿ ಹನ್ನೊಂದು ನಿಮಿಷ ಉದ್ದದ ಚಪ್ಪಟೆ ಗೆರೆ:
ಗೋಡೆ ಗಡಿಯಾರ, ಸೆರಗಿನ ಕರಕರ,
ದೂರದಲ್ಲಿ ಯಾರೋ ಕೊಡಪಾನ ಇಳಿಸಿದ್ದು.
ನರಸೂಬಾಯಿ ಈಗ ಎಲ್ಲಿ ಅಂತ
ಕೇಳುವುದನ್ನೇ ಬಿಟ್ಟಿದ್ದೆ.

ಪ, ಬ, ಮ ಮೂರೂ ತುಟಿಗೆ ಒಂದೇ.
ಕನ್ನಡಿಯ ಮುಂದೆ ಅಂದು ನೋಡಿದ್ದೇನೆ.
ಎಂಟನೆಯ ನಿಮಿಷದಲ್ಲಿ, ಎದುರಿನ ಖಾಲಿ ಗೋಡೆಗೆ,
ಕಾಶವ್ವ ಎರಡು ಸಲ ಹೇಳುತ್ತಾಳೆ,
ತುಟಿ ಮುಚ್ಚಿ, ತೆರೆದು, ಹಲ್ಲು ಕಾಣಿಸಿ.
ಅದು ಕನ್ನಡವೇ ಆಗಿದ್ದರೆ,
ಬರ್ತೀನಿ.
ಇಲ್ಲಾ, ಮರ್ತೀನಿ.