ಎರಡು ಪ್ರತಿ

ಒಂದು ಗಂಟು ಬಿಚ್ಚಿದರೆ ಇಡೀ ಬಲೆ ಹೋಯಿತು ಅನ್ನುವವರು
ಬಲೆ ಹೆಣೆದವರಲ್ಲ.
ಒಂದು ಬಿಚ್ಚಿದರೆ ನಾಲ್ಕು ಸಿಗಡಿ ಪಾರಾದಾವು, ಅಷ್ಟೆ.
ಅದರ ಪಕ್ಕದ್ದೂ ಬಿಚ್ಚಿದಾಗ ನೋಡಬೇಕು.

ಚಾರ್ಲ್ಸ್‌ಟನ್ನಿನ ಆಸ್ಪತ್ರೆಯಲ್ಲಿ ಮಿಸ್ ಓಡಮ್‌ಗೆ ಹೀಗೆಂದೆ.
ಆಕೆ ಪೆನ್ನು ಕೆಳಗಿಟ್ಟು
ಒಂದು ಗಂಟೆಯಿಂದ ನಾನು ಹೇಳುತ್ತಿರುವುದೂ ಅದೇ, ಅಂದಳು.

ನಾನು ಹೋದದ್ದು ತಂಗಿಗೆ ಕಿಡ್ನಿ ಕೊಡಲು.
ಕಾಗದದಲ್ಲಿ ಅವಳು ಡೊರೀತಾ. ಮಂಗಳವಾರ ಹುಟ್ಟಿದ್ದಕ್ಕೆ
ಮನೆಯಲ್ಲಿ ಬಿನಾ.
ಹತ್ತೊಂಬತ್ತಕ್ಕೆ ಕೆನ್ನೆಯ ಮೇಲೆ ಕೆಂಪು ಚಿಟ್ಟೆ ಕೂತಿತು.
ಸಿಂಪಿ ಆಯುವ ಬಿಸಿಲು, ಟೋಪಿ ಹಾಕು, ಅಂದಳು ಅಮ್ಮ.
ಆಮೇಲೆ ಬುಟ್ಟಿಯ ಹುಲ್ಲನ್ನು ಬಿಗಿಯಲಾರದ ಬೆರಳು,
ಆಮೇಲೆ ಮೂತ್ರದಲ್ಲಿ ನೊರೆ,
ಚಪ್ಪಲಿಗೆ ಹಿಡಿಸದ ಪಾದ.

ಲೂಪಸ್ ಅಂದರೆ ತೋಳವಂತೆ, ಯಾವುದೋ ಹಳೆಯ ಭಾಷೆಯಲ್ಲಿ.
ಮೊಸಳೆ ಬೇಕಾದಷ್ಟಿರುವ, ಒಂದೇ ಒಂದು ತೋಳವಿಲ್ಲದ
ಈ ದ್ವೀಪಕ್ಕೆ ಅದು ಈಜಿ ಬಂತೇ?
ಇಲ್ಲ, ಒಳಗೇ ಇತ್ತು. ಅವಳ ನೆತ್ತರಿನ ಕಾವಲುಗಾರರೇ
ಒಂದು ರಾತ್ರಿ ಮನೆಯವರ ಗುರುತು ಮರೆತರು.

ಚಿಕ್ಕಮ್ಮನ ಮಗಳು ವರ್ನೇಟಾಗೂ ಅದೇ ಚಿಟ್ಟೆ, ಅದೇ ಮಾತ್ರೆ,
ಇಪ್ಪತ್ತೆಂಟು ವರ್ಷದಿಂದ.
ಇವತ್ತಿಗೂ ಬೆಂಡೆ ನೆಡುತ್ತಾಳೆ, ಮಂಡಿನೋವಿನ ಪುರಾಣ ಹೇಳುತ್ತಾಳೆ,
ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ.
ವರ್ನೇಟಾಳ ನಂಬಿಕೆ ಗಟ್ಟಿ, ಅಂದರು ಹಿಂದಿನ ಸಾಲಿನ ಹೆಂಗಸರು.
ಅಂದಿನಿಂದ ಬಿನಾ ಚರ್ಚಿಗೆ ಹೋಗಲಿಲ್ಲ.

ಮಿಸ್ ಓಡಮ್ ಚಿತ್ರ ಬರೆದು ತೋರಿಸಿದಳು:
ತೋಳವನ್ನು ಕರೆತರುವ ಅಕ್ಷರಗಳು ಹತ್ತಾರು,
ಒಂದೊಂದೂ ಕೊಡುವುದು ಸಣ್ಣ ತಳ್ಳು.
ಬಂದ ತೋಳ ಕಿಡ್ನಿಯನ್ನು ಮುಗಿಸಿಯೇ ಹೋಗುತ್ತದೋ ಇಲ್ಲವೋ,
ಅದು ಬೇರೆ ಲೆಕ್ಕ.
ಅಲ್ಲಿ ಒಂದು ಜೀನು ಇದೆ, ನಿಮ್ಮ ಹಿರಿಯರು ತಂದದ್ದು.

ಆಫ್ರಿಕದ ಯಾವುದೋ ಹೊಳೆದಂಡೆ.
ಕಚ್ಚಿದರೆ ನಿದ್ದೆ ಬರಿಸುವ ನೊಣ. ಏಳದ ನಿದ್ದೆ.
ಊರೆಲ್ಲ ಮಲಗಿದಾಗ ಒಬ್ಬರು ಎದ್ದರು.
ಒಂದು ಪ್ರತಿ ಸಾಕಾಗಿತ್ತು ಏಳುವುದಕ್ಕೆ.
ಆ ಎಚ್ಚರದ ಮಕ್ಕಳು, ಮೊಮ್ಮಕ್ಕಳು,
ಹಡಗಿನ ಹೊಟ್ಟೆ, ಭತ್ತದ ಗದ್ದೆಯ ಕೆಸರು,
ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನಾನು.
ಎರಡು ಪ್ರತಿ ಕೂಡಿದರೆ ಮಾತ್ರ
ಕಾಯ್ದ ಅಕ್ಷರ ಕಿಡ್ನಿಯ ಮೇಲೆ ತಿರುಗಿ ಬೀಳಬಹುದು.

ಬಿನಾಗೆ ಎರಡು.
ನಿನಗೂ ಎರಡು, ಅಂದಳು. ನಿನ್ನ ಕಿಡ್ನಿ ತೆಗೆಯಲಾರೆವು.

ನಲವತ್ತೊಂದು ವರ್ಷ, ತಲೆನೋವೂ ಕಂಡವನಲ್ಲ ನಾನು.
ಹಾಗಾದರೆ ನನಗೇಕೆ ಏನೂ ಆಗಿಲ್ಲ?
ಬೆಂಕಿಪೊಟ್ಟಣ ಇರುವ ಮನೆಯೆಲ್ಲ ಸುಡುವುದಿಲ್ಲ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು: ಪೂರ್ತಿ ನಮಗೂ ಗೊತ್ತಿಲ್ಲ.
ಆ ಎರಡನೆಯ ಮಾತಿಗೆ ಅವಳ ಮೇಲೆ ಗೌರವ ಬಂತು.

ಸೇತುವೆ ದಾಟುವಾಗ ಇಳಿತ. ಕೆಸರು ಹೊಳೆಯುತ್ತಿತ್ತು.
ಜಗಲಿಯಲ್ಲಿ ಅಮ್ಮ ಬುಟ್ಟಿ ಹೆಣೆಯುತ್ತಿದ್ದಳು.
ಒಂದು ನಿನ್ನದು, ಒಂದು ಅಪ್ಪನದು, ಅಂದೆ.
ಅವಳ ಸೂಜಿ ನಿಂತಿತು.
ಆ ಮನುಷ್ಯ ಇಡೀ ಜನ್ಮದಲ್ಲಿ ನನಗೆ ಒಂದು ಉಂಗುರ ತಂದವನಲ್ಲ.
ತಂದ ಒಂದಕ್ಕೆ ಜೋಡಿ
ನನ್ನ ಹತ್ತಿರ ಇರಬೇಕೇ?

ಬ್ಯೂಫರ್ಟಿನ ಡಯಾಲಿಸಿಸ್ ಕೋಣೆ. ಮಂಗಳವಾರ.
ಬಿನಾಳ ನೆತ್ತರು ಕೊಳವೆಯಲ್ಲಿ ಹೋಗಿ ಬರುತ್ತಿತ್ತು.
ವರ್ನೇಟಾ ಮೊದಲೇ ಬಂದು ಕೂತಿದ್ದಳು, ಬೆಂಡೆಸಾರಿನ ಡಬ್ಬಿ ತೊಡೆಯ ಮೇಲೆ.
ತಾನೂ ಪರೀಕ್ಷೆ ಮಾಡಿಸಿದ್ದಾಳೆ:
ನನ್ನಲ್ಲಿ ಒಂದೇ ಅಂತೆ ಕಣೇ, ಅಂದಳು,
ಕದ್ದದ್ದನ್ನು ಒಪ್ಪಿಕೊಳ್ಳುವವಳ ಹಾಗೆ.

ಬಿನಾ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ನನ್ನ ಕಡೆ ತಿರುಗಿ,
ಎದ್ದವರು ಗಂಡೋ, ಹೆಣ್ಣೋ?
ಗೊತ್ತಿಲ್ಲ, ಅಂದೆ.
ಹೆಣ್ಣೇ ಇರಬೇಕು, ಅಂದಳು. ಎದ್ದು ಎಲ್ಲರಿಗೂ ಗಂಜಿ ಕಾಯಿಸಿರಬೇಕು.
ಆ ಟೀವಿ ಸ್ವಲ್ಪ ಸಣ್ಣ ಮಾಡು.
ವರ್ನೇಟಾ, ನೀನು ಹಾಡುವುದಾದರೆ
ನಿಧಾನಕ್ಕೆ ಹಾಡು.